ಇಟ್ಟಲ್ಲೇ ಕೆಡುವ ಯಂತ್ರಗಳು

ಆರು ವರ್ಷಗಳ ಹಿಂದೆ ನಾನೇ ಕೈಯಾರೆ ಒರೆಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು, ಮುಚ್ಚಳದ ಸುತ್ತ ಟೇಪು ಅಂಟಿಸಿ, ಮೇಲೆ ‘ಅಮಿಗಾ 500 ಪ್ಲಸ್, ಸುಸ್ಥಿತಿಯಲ್ಲಿದೆ’ ಎಂದು ಚೀಟಿ ಹಚ್ಚಿ ಕಪಾಟಿನ ಮೇಲಿನ ಅರೆಗೆ ಏರಿಸಿದ್ದ ಕಂಪ್ಯೂಟರನ್ನು ಕಳೆದ ತಿಂಗಳು ಕೆಳಗಿಳಿಸಿದೆ. ಹೊರಗಿನಿಂದ ನೋಡಿದರೆ ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಕೀಲಿಗಳ ಮೇಲೆ ಧೂಳಿನ ಒಂದು ಕಣವೂ ಕೂತಿರಲಿಲ್ಲ. ಎಷ್ಟೇ ನಂಬಿಕೆಯ ಯಂತ್ರವಾದರೂ ಬಹುಕಾಲ ಸುಮ್ಮನಿದ್ದ ಮೇಲೆ ಒಳಗನ್ನು ನೋಡದೆ ಸ್ವಿಚ್ ಹಾಕಬಾರದು ಎಂಬುದು ನಾನು ಪಾಲಿಸಿಕೊಂಡು ಬಂದಿರುವ ಪದ್ಧತಿಯಾದ್ದರಿಂದ, ತಿರುಪುಗಳನ್ನು ಬಿಚ್ಚಿ, ಕೀಬೋರ್ಡನ್ನು ಎತ್ತಿ, ಅದರಡಿಯ ತಗಡಿನ ಹೊದಿಕೆಯನ್ನು ಸರಿಸಿದೆ. ಗಡಿಯಾರದ ಬ್ಯಾಟರಿಯ ಸುತ್ತ ಅಂಗೈಯಗಲದಷ್ಟು ಜಾಗದಲ್ಲಿ ಕಿಲುಬು ಹಬ್ಬಿತ್ತು. ಪಾತ್ರೆಯ ಕಂಠದಲ್ಲಿ ಕಾಣಿಸುವ ಬಗೆಯ ಹಸಿರು. ನಡುನಡುವೆ ಬಿಳಿಯ ಪುಡಿ. ಬ್ರಷ್ಷಿನಿಂದ ಮುಟ್ಟಿದರೆ ಬೋರ್ಡಿನ ಮೇಲಿನ ಹಸಿರು ಲೇಪ ಒಣಗಿದ ಸಿಪ್ಪೆಯಂತೆ ಎದ್ದು ಬರುತ್ತಿತ್ತು, ಅದರ ಕೆಳಗಿನ ತಾಮ್ರದ ಗೆರೆಗಳು ಕೆಲವೆಡೆ ಕಪ್ಪಾಗಿದ್ದವು, ಕೆಲವೆಡೆ ಇರಲೇ ಇಲ್ಲ.

ಈ ಹಾನಿಗೆ ನನ್ನ ಹೊರತು ಬೇರೆ ಯಾರೂ ಹೊಣೆಯಲ್ಲ. 1991ರಲ್ಲಿ ಬಂದ ಅಮಿಗಾ 500 ಪ್ಲಸ್ ಮಾದರಿಯಲ್ಲಿ ತಾರೀಕು ಮತ್ತು ಸಮಯವನ್ನು ನೆನಪಿಟ್ಟುಕೊಳ್ಳುವುದಕ್ಕಾಗಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದರೊಳಗಿರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ಬಲವಾದ ಕ್ಷಾರ. ಯಂತ್ರ ಬಳಕೆಯಲ್ಲಿದ್ದಾಗ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ. ಮೂಲೆಗೆ ಬಿದ್ದ ಮೇಲೆ ಪೂರ್ತಿ ಬರಿದಾಗಿ, ವರ್ಷಗಳು ಕಳೆದಂತೆ ಅದರ ಬಾಯಿಯ ಬಿಗಿ ಸಡಿಲಗೊಂಡು, ಒಳಗಿನ ದ್ರವ ತೊಟ್ಟಾಗಿ ಬೀಳದೆ ಪಸೆಯ ಹಾಗೆ ತಾಮ್ರದ ಗೆರೆಗಳನ್ನು ಹಿಡಿದು ಹರಿದಾಡುತ್ತದೆ. ಇದೆಲ್ಲ ನನಗೆ ಆರು ವರ್ಷಗಳ ಹಿಂದೆಯೂ ತಿಳಿದಿತ್ತು. ಅಂದು ಯಂತ್ರ ಚೆನ್ನಾಗಿ ಓಡುತ್ತಿತ್ತು, ಬ್ಯಾಟರಿ ಒಣಗಿದಂತೆಯೇ ಕಂಡಿತ್ತು, ಬಿಚ್ಚಿ ತೆಗೆಯಲು ಬೇಕಾದದ್ದು ಹೆಚ್ಚೆಂದರೆ ಹತ್ತು ನಿಮಿಷ. ಮುಂದಿನ ವಾರ ನೋಡೋಣವೆಂದು ಟೇಪು ಅಂಟಿಸಿಬಿಟ್ಟೆ. ಅದರ ಮೇಲೆ ಗಾಳಿಯಾಡದ ಪೆಟ್ಟಿಗೆ ಬೇರೆ. ಒಳಗಿನ ತೇವವನ್ನು ಒಳಗೇ ಹಿಡಿದಿಟ್ಟಿತು.

ಹಳೆಯ ಕಂಪ್ಯೂಟರುಗಳನ್ನು ಕೂಡಿಹಾಕುವವರನ್ನು ಕಂಡಾಗ ಜನ ಸಾಮಾನ್ಯವಾಗಿ ಕೇಳುವುದು ರಿಪೇರಿಯ ಬಗ್ಗೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಬೆಸುಗೆ ಕಲಿಯುವುದು ಕಷ್ಟವೇ, ಇಂಥ ಪ್ರಶ್ನೆಗಳು. ಹಲವು ವರ್ಷ ಈ ಹವ್ಯಾಸದಲ್ಲಿ ಬೆರಳು ಸುಟ್ಟುಕೊಂಡ ಮೇಲೆ ನನಗೆ ಅನ್ನಿಸಿರುವುದೆಂದರೆ, ರಿಪೇರಿ ಇದರಲ್ಲಿ ಸುಲಭದ ಭಾಗ. ಕೆಟ್ಟ ಯಂತ್ರ ಕೆಟ್ಟಿದೆ ಎಂದು ತಾನೇ ಹೇಳುತ್ತದೆ, ನಾವು ಅದರ ಮುಂದೆ ಕೂರುತ್ತೇವೆ, ಒಂದಲ್ಲ ಒಂದು ದಿನ ದೋಷ ಸಿಕ್ಕುತ್ತದೆ. ಚೆನ್ನಾಗಿದೆಯೆಂದು ಎತ್ತಿಟ್ಟ ಯಂತ್ರದ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಸಂಗ್ರಹದಲ್ಲಿ ಬಳಸಿ ಹಾಳಾದವುಗಳಿಗಿಂತ ಇಟ್ಟಲ್ಲೇ ಹಾಳಾದವುಗಳ ಸಂಖ್ಯೆ ದೊಡ್ಡದು.

ಯಂತ್ರ ನಮ್ಮ ಕೈಗೆ ಬರುವ ಮೊದಲೇ ಈ ಕಥೆ ಶುರುವಾಗಿರುತ್ತದೆ. ಹಳೆಯ ಕಂಪ್ಯೂಟರನ್ನು ಕೊಡಲು ಒಪ್ಪಿದ ಹಿರಿಯರೊಬ್ಬರ ಮನೆಗೆ ಹೋದಾಗ ಅವರು ಬಹಳ ವಿಶ್ವಾಸದಿಂದ, “ನೀವು ಬರ್ತೀರಿ ಅಂತ ನಿನ್ನೆ ಒಂದು ಸಲ ಹಚ್ಚಿ ನೋಡಿದೆ ಕಣಪ್ಪ, ದೀಪ ಹತ್ತಿತು, ಆಮೇಲೆ ಒಂಚೂರು ಹೊಗೆ ಬಂತು, ಆರಿಸಿಬಿಟ್ಟೆ” ಎಂದರು. ಇಪ್ಪತ್ತು ವರ್ಷ ಅಟ್ಟದ ಮೇಲಿದ್ದ ಯಂತ್ರ ಅದು. ಅವರಿಗೆ ಏನು ಹೇಳಲಿ? ನನಗೆ ಕೆಟ್ಟದ್ದನ್ನು ದಾಟಿಸಬಾರದೆಂಬ ಒಳ್ಳೆಯತನದಿಂದಲೇ ಅವರು ಹಚ್ಚಿ ನೋಡಿದ್ದು. ಅಂದಿನಿಂದ ಯಾರಾದರೂ ಕರೆ ಮಾಡಿ ಇಂಥದೊಂದು ಯಂತ್ರವಿದೆ ಎಂದರೆ ನನ್ನ ಮೊದಲ ಮಾತು, ದಯವಿಟ್ಟು ಪ್ಲಗ್ ಹಾಕಬೇಡಿ ಎಂಬುದೇ ಆಗಿರುತ್ತದೆ.

ಆ ಹೊಗೆಗೆ ಕಾರಣವನ್ನು ಊಹಿಸುವುದು ಕಷ್ಟವಿರಲಿಲ್ಲ. ಎಂಬತ್ತರ ದಶಕದ ಅನೇಕ ಪವರ್ ಸಪ್ಲೈಗಳಲ್ಲಿ, ಬಿಬಿಸಿ ಮೈಕ್ರೊದಂಥ ಹೆಸರುವಾಸಿ ಯಂತ್ರಗಳಲ್ಲೂ, ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕಾಗಿ ರೀಫಾ ಎಂಬ ಹೆಸರಿನ, ಪಾರದರ್ಶಕವಾದ ಹಳದಿ ಮೈಯ ಕಾಗದದ ಕೆಪ್ಯಾಸಿಟರುಗಳಿರುತ್ತವೆ, ಅಂದರೆ ವಿದ್ಯುತ್ತನ್ನು ಕೊಂಚ ಹೊತ್ತು ಹಿಡಿದಿಟ್ಟು ಬಿಡುವ ಸಣ್ಣ ಭಾಗಗಳು. ವರ್ಷಗಳು ಕಳೆದಂತೆ ಅವುಗಳ ಹೊರಮೈ ಕೂದಲೆಳೆಯಷ್ಟು ಸಣ್ಣದಾಗಿ ಬಿರುಕು ಬಿಟ್ಟು, ಆ ಬಿರುಕಿನಿಂದ ಗಾಳಿಯ ತೇವ ಒಳಗಿನ ಕಾಗದಕ್ಕೆ ಇಳಿಯುತ್ತದೆ. ಹಾಗಾದ ಮೇಲೆ ಮನೆಯ ವಿದ್ಯುತ್ತು ತಾಗಿದರೆ, ಕೆಲವೊಮ್ಮೆ ಮೊದಲ ನಿಮಿಷದಲ್ಲೇ, ಅದು ಪಟ್ಟೆಂದು ಒಡೆದು ಕೋಣೆಯ ತುಂಬ ಕಮಟು ಹೊಗೆಯೆಬ್ಬಿಸುತ್ತದೆ. ಅದೃಷ್ಟವೆಂದರೆ ಅದು ಸತ್ತರೂ ಯಂತ್ರದ ಉಳಿದ ಭಾಗಕ್ಕೆ ಬಹುಪಾಲು ಏನೂ ಆಗುವುದಿಲ್ಲ. ಆ ಹಿರಿಯರ ಯಂತ್ರವೂ ಒಂದು ಹೊಸ ಕೆಪ್ಯಾಸಿಟರಿಗೆ ಎದ್ದು ಕೂತಿತು. 1981ರ ಐಬಿಎಂ ಪಿಸಿಯ ಕಾಲದ ಬೋರ್ಡುಗಳಲ್ಲಿ ಹೀಗೆ ಕೈಕೊಡುವ ಪಾತ್ರ ಟ್ಯಾಂಟಲಮ್ ಕೆಪ್ಯಾಸಿಟರಿನದು. ಮಳೆಹನಿಯ ಆಕಾರದ ಆ ಪುಟ್ಟ ಭಾಗ ಒಳಗೇ ಶಾರ್ಟ್ ಆದರೆ ಪವರ್ ಸಪ್ಲೈ ಏಳಲು ಒಲ್ಲೆನೆನ್ನುತ್ತದೆ, ಇಲ್ಲವೇ ಕೆಪ್ಯಾಸಿಟರೇ ಉರಿದು ಬೋರ್ಡಿನ ಮೇಲೊಂದು ಕಪ್ಪು ಮಚ್ಚೆ ಉಳಿಸುತ್ತದೆ.

ಸದ್ದಿಲ್ಲದೆ ಕೊಲ್ಲುವ ಪವರ್ ಸಪ್ಲೈಯೂ ಇದೆ, ಅದು ಇವೆರಡಕ್ಕಿಂತ ಕೆಟ್ಟದ್ದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64ರ ಜೊತೆಗೆ ಕೊಡುತ್ತಿದ್ದ ಇಟ್ಟಿಗೆಯಂಥ ಕಪ್ಪು ಡಬ್ಬಿ ಅದು. ಒಳಗೆಲ್ಲ ಎಪಾಕ್ಸಿ ಎಂಬ ಅಂಟು ಸುರಿದು ಗಟ್ಟಿ ಮಾಡಿರುವುದರಿಂದ ಅದನ್ನು ಬಿಚ್ಚಲಾಗದು, ಬಿಸಿಯೂ ಸರಿಯಾಗಿ ಹೊರಹೋಗದು. ಅದರಿಂದ ಎರಡು ಬಗೆಯ ವಿದ್ಯುತ್ತು ಹೊರಬರುತ್ತದೆ: 9 ವೋಲ್ಟಿನ ಎಸಿ ಮತ್ತು 5 ವೋಲ್ಟಿನ ಡಿಸಿ. 5 ವೋಲ್ಟನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ವಯಸ್ಸಾಗಿ ಸೋತಾಗ ವಿದ್ಯುತ್ತು ನಿಂತುಹೋಗುವುದಿಲ್ಲ, ಏರುತ್ತದೆ. ಆ ಕಾಲದ ಚಿಪ್ಪುಗಳು 5 ವೋಲ್ಟಿಗೆ ಶೇಕಡಾ 5ರಷ್ಟು ಆಚೀಚೆ ಆದರೆ ಸಹಿಸಿಕೊಳ್ಳುವಂತೆ ಮಾಡಿದವು, ಅಂದರೆ 5.25 ವೋಲ್ಟಿನ ಆಚೆ ಅವುಗಳ ಮೇಲೆ ಭರವಸೆಯಿಡುವಂತಿಲ್ಲ. ನನ್ನ ಬಳಿ ಬಂದ ಒಂದು ಡಬ್ಬಿಯ ಏಳು ಕಾಲಿನ ದುಂಡು ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದಾಗ 6.8 ತೋರಿಸಿತು. ಅದರೊಡನೆ ಬಂದಿದ್ದ ಯಂತ್ರವನ್ನು ತೆರೆಯುವ ಮೊದಲೇ ಒಳಗೆ ಏನು ಕಾದಿದೆಯೆಂದು ಅರ್ಥವಾಯಿತು.

ಆ ರಿಪೇರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಕಾಲದ ಯಂತ್ರಗಳ ಮೇಲೆ ನನಗಿರುವ ಪ್ರೀತಿಗೆ ಕಾರಣ ಅದರಲ್ಲಿದೆ. ಡಬ್ಬಿಯನ್ನು ಪಕ್ಕಕ್ಕಿಟ್ಟು, ನಂಬಿಕೆಯ ಹೊಸ ಪವರ್ ಸಪ್ಲೈ ಜೋಡಿಸಿ ಹಚ್ಚಿದೆ. ಕೆಂಪು ದೀಪ ಹತ್ತಿತು. ಪರದೆ ಪೂರ್ತಿ ಕಪ್ಪು. ಕಮೊಡೋರ್ 64ರಲ್ಲಿ ಕಪ್ಪು ಪರದೆಗೆ ಕಾರಣ ಹಲವಿರಬಹುದು: ಪಿಎಲ್‌ಎ ಎಂಬ ಚಿಪ್ಪು ಸತ್ತಿರಬಹುದು, ಯಂತ್ರದ ನೆನಪಾದ ರಾಮ್ ಸತ್ತಿರಬಹುದು, ಕೆಲವೊಮ್ಮೆ ಪ್ರೊಸೆಸರ್ ಕೂಡ. ಆದರೆ ಅತಿಯಾದ ವೋಲ್ಟೇಜು ಹೊಕ್ಕಿದೆಯೆಂದು ತಿಳಿದಿರುವಾಗ ಮೊದಲು ಸಂಶಯಪಡಬೇಕಾದದ್ದು ರಾಮ್ ಮೇಲೆ. ಈ ಯಂತ್ರದ 64 ಕಿಲೋಬೈಟ್ ಇರುವುದು 4164 ಎಂಬ ಎಂಟು ಚಿಪ್ಪುಗಳಲ್ಲಿ. ಒಂದೊಂದೂ 65,536 ಜಾಗಗಳಲ್ಲಿ ತಲಾ ಒಂದು ಬಿಟ್ಟನ್ನು, ಅಂದರೆ 0 ಅಥವಾ 1 ಎಂಬ ಒಂದೇ ಅಂಕಿಯನ್ನು, ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಎಂಟೂ ಸೇರಿ ಸಾಲಾಗಿ ನಿಂತರೆ ಒಂದು ಬೈಟು. ಹಾಗಾಗಿ ಎಂಟರಲ್ಲಿ ಒಂದು ಸುಳ್ಳು ಹೇಳಿದರೂ ಯಂತ್ರ ರಾಮ್‌ನಿಂದ ಓದುವ ಯಾವ ಬೈಟನ್ನೂ ನಂಬುವಂತಿಲ್ಲ.

ಅರ್ಧ ನಿಮಿಷ ಹಚ್ಚಿಟ್ಟು ಬೆರಳ ತುದಿಯಿಂದ ಎಂಟನ್ನೂ ಒಂದೊಂದಾಗಿ ಮುಟ್ಟಿದೆ. ಆರು ಉಗುರುಬೆಚ್ಚಗಿದ್ದವು, ಎರಡರ ಮೇಲೆ ಬೆರಳಿಡಲಾಗಲಿಲ್ಲ. ಇಷ್ಟು ಸರಳವಾದ ಪರೀಕ್ಷೆಗೆ ವಿದ್ಯುತ್ತಿನ ಅಲೆ ತೋರಿಸುವ ಆಸಿಲೋಸ್ಕೋಪ್ ಬೇಕಿಲ್ಲ. ಸಂಶಯವಿರುವ ಚಿಪ್ಪಿನ ಬೆನ್ನ ಮೇಲೆ ಒಳ್ಳೆಯ ಚಿಪ್ಪೊಂದನ್ನು ಕಾಲಿಗೆ ಕಾಲು ತಾಗುವಂತೆ ಸವಾರಿ ಕೂರಿಸಿ ಹಚ್ಚಿ ನೋಡುವ ಉಪಾಯವೂ ಇದೆ. ಕೆಟ್ಟ ಚಿಪ್ಪು ಸುಮ್ಮನಿರುವ ಬಗೆಯಲ್ಲಿ ಕೆಟ್ಟಿದ್ದರೆ ಮೇಲಿನದು ಅದರ ಕೆಲಸ ಮಾಡಿಬಿಡುತ್ತದೆ, ಒಳಗೇ ಶಾರ್ಟ್ ಆಗಿದ್ದರೆ ಉಪಾಯ ನಡೆಯುವುದಿಲ್ಲ. ನನಗೆ ನಡೆಯಲಿಲ್ಲ. ತೆಗೆಯದೆ ಗತ್ಯಂತರವಿರಲಿಲ್ಲ.

ಸತ್ತಿದೆಯೆಂದು ಖಚಿತವಾದ ಚಿಪ್ಪನ್ನು ಇಡಿಯಾಗಿ ಬಿಡಿಸಿಕೊಳ್ಳಲು ಹೋಗುವುದು ಹೊಸಬರು ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಹದಿನಾರು ಕಾಲುಗಳನ್ನೂ ಒಟ್ಟಿಗೆ ಕಾಯಿಸಿ ಎಳೆಯುವಾಗ ಬೋರ್ಡಿನ ತೂತುಗಳ ಒಳಗಿನ ತಾಮ್ರದ ಲೇಪವೇ ಕಿತ್ತುಬಂದರೆ ಮುಂದಿನ ಮೂರು ಸಂಜೆಗಳನ್ನು ಎಳೆ ತಂತಿ ಬೆಸೆಯುತ್ತ ಕಳೆಯಬೇಕಾಗುತ್ತದೆ. ಸಣ್ಣ ಕಟಿಂಗ್ ಪ್ಲೈಯರಿನಿಂದ ಕಾಲುಗಳನ್ನು ಮೈಯ ಹತ್ತಿರವೇ ಕತ್ತರಿಸಿ, ಚಿಪ್ಪಿನ ಒಡಲನ್ನು ಬದಿಗಿಟ್ಟು, ಉಳಿದ ಒಂದೊಂದು ಕಾಲನ್ನೂ ಬೆಸುಗೆಯ ತುದಿಯಿಂದ ಕಾಯಿಸಿ ಚಿಮಟದಿಂದ ಎತ್ತಬೇಕು. ಆಮೇಲೆ ತೂತಿನಲ್ಲಿ ಉಳಿದ ಬೆಸುಗೆಗೆ ಒಂಚೂರು ಹೊಸ ಬೆಸುಗೆ ಸೇರಿಸಿ ಹಸಿ ಮಾಡಿಕೊಂಡು ಪಂಪಿನಿಂದ ಹೀರಬೇಕು. ಆ ಜಾಗದಲ್ಲಿ ಸಾಕೆಟ್ ಕೂರಿಸಿ ಹೊಸ ಚಿಪ್ಪು ಒತ್ತಿದರೆ ಮುಂದೆಂದಾದರೂ ಕೆಟ್ಟಾಗ ಬೋರ್ಡಿಗೆ ಮತ್ತೆ ಬಿಸಿ ತಾಗಿಸುವ ಪ್ರಸಂಗ ಬರುವುದಿಲ್ಲ. ಎರಡನೆಯ ಚಿಪ್ಪು ಕೂತ ಮೇಲೆ ಹಚ್ಚಿದಾಗ ತಿಳಿನೀಲಿ ಅಂಚಿನ ನಡುವೆ ಗಾಢನೀಲಿ ಪರದೆ ಬಂತು, ಅದರ ಮೇಲೆ ಬೇಸಿಕ್ ಭಾಷೆಯ ಪ್ರೋಗ್ರಾಮುಗಳಿಗೆ 38911 ಬೈಟುಗಳು ಖಾಲಿ ಇವೆಯೆಂಬ ಪರಿಚಯದ ಸಾಲು. ಆ ಸಂಖ್ಯೆ ಬರಿಯ ಅಲಂಕಾರವಲ್ಲ. ಪ್ರತಿ ಸಲ ಹಚ್ಚಿದಾಗಲೂ ಯಂತ್ರ ತನ್ನ ರಾಮ್ ಅನ್ನು ತಾನೇ ಬರೆದು ಓದಿ ಎಣಿಸಿಕೊಂಡು ಬಂದು ಹೇಳುವ ಲೆಕ್ಕ ಅದು. ನಡುವೆ ಎಲ್ಲಾದರೂ ದೋಷ ಸಿಕ್ಕಿದ್ದರೆ ಎಣಿಕೆ ಅಲ್ಲಿಗೇ ನಿಂತು ಸಂಖ್ಯೆ ಕಡಿಮೆಯಾಗುತ್ತಿತ್ತು.

ಇಂದಿನ ಯಂತ್ರದಲ್ಲಿ ಇಂಥ ಮಾತುಕತೆ ಸಾಧ್ಯವಿಲ್ಲ. ಎಂಟು ಬಿಟ್ಟಿಗೆ ಎಂಟು ಚಿಪ್ಪು ಕಣ್ಣಮುಂದೆ ಸಾಲಾಗಿ ಕೂತಿರುವ ಬೋರ್ಡಿನಲ್ಲಿ ಪುಸ್ತಕದ ಚಿತ್ರಕ್ಕೂ ಎದುರಿನ ವಸ್ತುವಿಗೂ ಅಂತರವಿಲ್ಲ. ಇವೆಲ್ಲವನ್ನೂ ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಓಡಿಸಬಹುದಲ್ಲ ಎಂದು ಕೇಳುವವರಿಗೆ ನಾನು ಹೌದೆಂದೇ ಹೇಳುತ್ತೇನೆ; ಆಟವಾಡುವುದಷ್ಟೇ ಬೇಕಿದ್ದರೆ ಅದೇ ಮೇಲು, ನಾನೂ ಅದನ್ನೇ ಬಳಸುತ್ತೇನೆ.

ಯಂತ್ರವೊಂದು ಎದ್ದ ಮೇಲೆ ಬರುವ ಪ್ರಶ್ನೆ, ಏನೇನನ್ನು ಬದಲಿಸಬೇಕು ಎಂಬುದು. ಸಂಗ್ರಾಹಕರಲ್ಲಿ ಒಂದು ಗುಂಪು ಯಂತ್ರ ಕೈಗೆ ಬಂದ ದಿನವೇ ಅದರ ಎಲ್ಲ ಎಲೆಕ್ಟ್ರೊಲಿಟಿಕ್ (ಒಳಗೆ ದ್ರವವಿರುವ) ಕೆಪ್ಯಾಸಿಟರುಗಳನ್ನೂ ಕಿತ್ತು ಹೊಸದು ಹಾಕುತ್ತದೆ. ಇನ್ನೊಂದು ಗುಂಪು ಕಾರ್ಖಾನೆಯ ಬೆಸುಗೆಯನ್ನು ಮುಟ್ಟುವುದೇ ಅಪಚಾರವೆನ್ನುತ್ತದೆ. ನನ್ನ ಮಟ್ಟಿಗೆ ಎರಡೂ ಒಪ್ಪಿಗೆಯಲ್ಲ. ತಾನು ಕೆಟ್ಟರೆ ಅಕ್ಕಪಕ್ಕದವರನ್ನೂ ಕೆಡಿಸುವ ಭಾಗವನ್ನು ಕೆಡುವ ಮೊದಲೇ ತೆಗೆಯುತ್ತೇನೆ, ತಾನೊಬ್ಬನೇ ಕೆಡುವ ಭಾಗವನ್ನು ಕೆಟ್ಟ ಮೇಲೆಯೇ ಮುಟ್ಟುತ್ತೇನೆ. ಈ ಲೆಕ್ಕದಲ್ಲಿ ಬ್ಯಾಟರಿಗಳು ಮೊದಲ ಸಾಲಿನವು. ಎಂಬತ್ತರ ದಶಕದ ಕೊನೆ ಮತ್ತು ತೊಂಬತ್ತರ ಮೊದಲ ವರ್ಷಗಳ ಮೇಲ್ಮೈ ಬೆಸುಗೆಯ ಪುಟ್ಟ ಅಲ್ಯೂಮಿನಿಯಂ ಕೆಪ್ಯಾಸಿಟರುಗಳೂ ಅದೇ ಸಾಲಿನವು. 1989ರ ಮ್ಯಾಕಿಂಟಾಷ್ ಎಸ್‌ಇ/30, 1992ರ ಅಮಿಗಾ 1200 ಮುಂತಾದವುಗಳಲ್ಲಿ ಇವುಗಳ ಬುಡದಿಂದ ದ್ರವ ಜಿನುಗಿ ಸುತ್ತಲಿನ ಬೆಸುಗೆಯನ್ನೆಲ್ಲ ಮಂಕುಬೂದು ಮಾಡಿರುತ್ತದೆ. ಜಿನುಗಿದೆಯೋ ಇಲ್ಲವೋ ಎಂದು ಕಣ್ಣಿಗೆ ತಿಳಿಯದಿದ್ದರೂ ಬೆಸುಗೆಯ ಬಿಸಿ ತಾಗಿದೊಡನೆ ಮೂಗಿಗೆ ತಿಳಿಯುತ್ತದೆ: ಕೊಳೆತ ಮೀನಿನ ವಾಸನೆ, ಮೇಜಿನಿಂದ ಏಳುವಂತೆ ಮಾಡುವಷ್ಟು. ಕಿಟಕಿ ತೆರೆದಿಟ್ಟುಕೊಂಡೇ ಈ ಕೆಲಸಕ್ಕೆ ಕೂರಬೇಕು.

ತೆಗೆದದ್ದನ್ನು ನಾನು ಎಸೆಯುವುದಿಲ್ಲ, ಬ್ಯಾಟರಿಯೊಂದನ್ನು ಬಿಟ್ಟು. ಸಣ್ಣ ಚೀಲದಲ್ಲಿ ಹಾಕಿ, ಯಾವ ಬೋರ್ಡಿನ ಯಾವ ಗುರುತಿನ ಜಾಗದ್ದು, ಯಾವ ದಿನ ತೆಗೆದೆ, ಯಾಕೆ ತೆಗೆದೆ ಎಂದು ಬರೆದು ಅದೇ ಯಂತ್ರದ ಪೆಟ್ಟಿಗೆಯಲ್ಲಿಡುತ್ತೇನೆ. ಮುಂದೆ ಇದನ್ನು ತೆರೆಯುವವನು ನಾನೇ ಆಗಿದ್ದರೂ ನನಗೆ ನೆನಪಿರುವುದಿಲ್ಲವೆಂಬುದು ಅನುಭವದಿಂದ ಗೊತ್ತಾಗಿದೆ.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಹಾರ್ವೆಲ್ ಡೆಕಟ್ರಾನ್ ನೆನಪಾಗುತ್ತದೆ. ಇಂಗ್ಲೆಂಡಿನ ಹಾರ್ವೆಲ್‌ನ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕೆಲಸ ಆರಂಭಿಸಿದ, ಎರಡೂವರೆ ಟನ್ ತೂಗುವ ಗಣಕ ಅದು. ಡೆಕಟ್ರಾನ್ ಎಂಬ ಮಿನುಗುವ ಕೊಳವೆಗಳಲ್ಲಿ ಹತ್ತರ ಲೆಕ್ಕದಲ್ಲೇ ಅಂಕಿಗಳನ್ನು ಇಟ್ಟುಕೊಳ್ಳುತ್ತದೆ. ಆಮೇಲೆ ಕಾಲೇಜಿಗೆ ಹೋಗಿ, ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅದೂ ಮುಚ್ಚಿದ ಮೇಲೆ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿಡಿಬಿಡಿಯಾಗಿ ಬಿದ್ದಿದ್ದ ಅದನ್ನು ಬ್ಲೆಚ್ಲಿ ಪಾರ್ಕಿನ ರಾಷ್ಟ್ರೀಯ ಗಣಕ ಸಂಗ್ರಹಾಲಯದ ಸ್ವಯಂಸೇವಕರು ಮತ್ತೆ ಜೋಡಿಸಿ 2012ರ ನವೆಂಬರಿನಲ್ಲಿ ಓಡಿಸಿದರು. ಅವರ ತಾಳ್ಮೆಯ ಬಗ್ಗೆ ಎರಡು ಮಾತಿಲ್ಲ. ಆದರೂ ನನಗೆ ಕಾಣುವ ವಿಚಿತ್ರವೇನೆಂದರೆ, ರಿಲೇ, ಗಾಜು ಮತ್ತು ದಪ್ಪ ತಂತಿಯ ಆ ಯಂತ್ರದ ಒಳಗೆ ತಾನೇ ಹರಿದು ತಾನೇ ತಿನ್ನುವಂಥ ಬ್ಯಾಟರಿಯೊಂದು ಇರಲಿಲ್ಲ. ಅದಕ್ಕಿಂತ ನಲವತ್ತು ವರ್ಷ ಕಿರಿಯದಾದ ನನ್ನ ಅಮಿಗಾ, ಗಂಟೆ ಎಷ್ಟಾಯಿತೆಂದು ನೆನಪಿಟ್ಟುಕೊಳ್ಳುವ ಆಸೆಗೆ ಬಿದ್ದು ಆರೇ ವರ್ಷದಲ್ಲಿ ಮಲಗಿತು.

ಇನ್ನು ಇಡುವ ಬಗೆ. ತೇವ ಮೊದಲ ವೈರಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 40ರಿಂದ 50ರ ನಡುವೆ ನಿಲ್ಲುವ ಕೋಣೆ ಸಿಕ್ಕರೆ ಅದೇ ಸ್ವರ್ಗ. ಸಿಗದಿದ್ದರೂ ಏರಿಳಿತ ಕಡಿಮೆಯಿರುವ ಜಾಗ ನೋಡಿಕೊಳ್ಳಬೇಕು. ಅಟ್ಟದಲ್ಲಿ ಹಗಲು ಕಾದು ರಾತ್ರಿ ತಣಿಯುತ್ತದೆ, ನೆಲಮಾಳಿಗೆಯಲ್ಲಿ ಗೋಡೆಯೇ ಬೆವರುತ್ತದೆ, ಹಾಗಾಗಿ ಜನ ಸಾಮಾನ್ಯವಾಗಿ ಆರಿಸಿಕೊಳ್ಳುವ ಎರಡು ಜಾಗಗಳೂ ಕೆಲಸಕ್ಕೆ ಬಾರದವು. ಮನುಷ್ಯರು ದಿನಾ ಓಡಾಡುವ ಕೋಣೆಯ ಕಪಾಟೇ ಯಂತ್ರಗಳಿಗೂ ಹಿತ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಯೊಳಗೆ ಹಾಕುವುದು ಒಳ್ಳೆಯದೇ, ಆದರೆ ಅವು ಹೀರಿ ತುಂಬಿದ ಮೇಲೆ ಬರಿಯ ಮರಳು. ಬಣ್ಣ ಬದಲಿಸುವ ಜಾತಿಯನ್ನು ತಂದು ಆಗಾಗ ಕಾಯಿಸಿ ಒಣಗಿಸದಿದ್ದರೆ ಹಾಕಿದ್ದೇವೆಂಬ ಸಮಾಧಾನವೊಂದೇ ಉಳಿಯುತ್ತದೆ. ತಣ್ಣನೆಯ ಜಾಗದಿಂದ ತಂದ ಯಂತ್ರವನ್ನು ಒಂದು ದಿನವಾದರೂ ಕೋಣೆಯ ಗಾಳಿಗೆ ಬಿಟ್ಟು, ಮೈ ಮೇಲಿನ ಪಸೆ ಆರಿದ ಮೇಲೆಯೇ ಮುಂದಿನ ಮಾತು.

ಎರಡನೆಯ ವೈರಿ ನಾವು ರಕ್ಷಣೆಗೆಂದು ಬಳಸುವ ವಸ್ತುಗಳೇ. ಮೌಸಿನ ಕೇಬಲನ್ನು ಅಂದವಾಗಿ ಸುತ್ತಿ ಯಂತ್ರದ ಮೇಲೆಯೇ ಇಟ್ಟು ಮುಚ್ಚಿದ್ದೆ. ನಾಲ್ಕು ವರ್ಷದ ನಂತರ ಎತ್ತಲು ಹೋದರೆ ಕೇಬಲ್ ಬರಲಿಲ್ಲ. ಪಿವಿಸಿ ತಂತಿಯ ಹೊದಿಕೆಯನ್ನು ಮೆದುವಾಗಿಡಲು ಬೆರೆಸಿರುವ ರಾಸಾಯನಿಕ ನಿಧಾನವಾಗಿ ಹೊರಗೆ ಜಿನುಗಿ ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ; ಎಳೆದು ಬಿಡಿಸಿದಾಗ ಯಂತ್ರದ ನೆತ್ತಿಯ ಮೇಲೆ ಹಾವು ಮಲಗೆದ್ದಂಥ ಒಂದು ಕೊರಕಲು ಉಳಿಯಿತು. ಅದು ಇನ್ನು ಹೋಗುವುದಿಲ್ಲ. ಈಗ ಕೇಬಲುಗಳೆಲ್ಲ ಬೇರೆ ಚೀಲದಲ್ಲಿ, ಯಂತ್ರಕ್ಕೆ ಸುತ್ತ ಕಾಗದ. ಫೋಮಿನ ಕಥೆಯೂ ಅಂಥದ್ದೇ: ಹೊಸದರಲ್ಲಿ ಹೂವಿನಂತಿದ್ದದ್ದು ಹದಿನೈದಿಪ್ಪತ್ತು ವರ್ಷದಲ್ಲಿ ಅಂಟಂಟಾದ ಪುಡಿಯಾಗಿ ಕೀಲಿಗಳ ಸಂದಿಗಿಳಿಯುತ್ತದೆ. ಕೆಲವು ಕೀಬೋರ್ಡುಗಳಲ್ಲಂತೂ ಪ್ರತಿ ಕೀಲಿಯ ಕೆಳಗೆ ಫೋಮಿನ ಬಿಲ್ಲೆಯನ್ನೇ ಇಟ್ಟು ಒತ್ತನ್ನು ಅಳೆಯುತ್ತಾರೆ. ಆ ಬಿಲ್ಲೆಗಳು ಸತ್ತರೆ ಎಂಬತ್ತು ಚಿಲ್ಲರೆ ಕೀಲಿಗಳಿಗೂ ಹೊಸ ಬಿಲ್ಲೆ ಕತ್ತರಿಸಿ ಕೂರಿಸಬೇಕು. ನಾನು ಒಂದು ಸಲ ಮಾಡಿದ್ದೇನೆ, ಎರಡನೆಯ ಸಲದ ಧೈರ್ಯ ಇನ್ನೂ ಬಂದಿಲ್ಲ. ರಬ್ಬರಿನ ಬೆಲ್ಟು, ರಬ್ಬರ್ ಬ್ಯಾಂಡು, ಡ್ರೈವಿನೊಳಗಿನ ರಬ್ಬರ್ ತುಂಡು, ಎಲ್ಲವೂ ಕೊನೆಗೆ ಟಾರಿನ ಮುದ್ದೆ.

ಫ್ಲಾಪಿಗಳ ವಿಚಾರದಲ್ಲಿ ಇಡುವ ಬಗೆಗಿಂತ ಮೊದಲು ನಕಲು ತೆಗೆಯುವುದು ಮುಖ್ಯ. ಯಂತ್ರ ಕೆಟ್ಟರೆ ಅದೇ ಜಾತಿಯ ಇನ್ನೊಂದು ಸಿಕ್ಕೀತು. ಯಾರೋ ಕೈಯಾರೆ ಬರೆದ ಪ್ರೋಗ್ರಾಮು ಇರುವ ಫ್ಲಾಪಿಗೆ ಎರಡನೆಯ ಪ್ರತಿ ಇರುವುದಿಲ್ಲ. ತೇವ ಹಿಡಿದ ಫ್ಲಾಪಿಯ ಮೇಲೆ ಬೂಷ್ಟು ಬೆಳೆದಿರುತ್ತದೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಅದನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಓದುವ ಹೆಡ್ಡು ಕೊಳೆಯಾಗಿ, ಆ ಕೊಳೆ ಮುಂದಿನ ಒಳ್ಳೆಯ ಫ್ಲಾಪಿಯ ಮೇಲೂ ವೃತ್ತಾಕಾರದ ಗೀರು ಎಳೆಯುತ್ತದೆ. ಹೀಗೆ ಒಂದೇ ಮಧ್ಯಾಹ್ನದಲ್ಲಿ ಮೂರು ಫ್ಲಾಪಿ ಕಳೆದುಕೊಂಡ ಮೇಲೆ ಪ್ರತಿಯೊಂದರ ನಂತರವೂ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುವುದನ್ನು ರೂಢಿ ಮಾಡಿಕೊಂಡೆ. ಮೂರೂವರೆ ಇಂಚಿನ ಅದೇ ಡಬಲ್ ಡೆನ್ಸಿಟಿ ಫ್ಲಾಪಿಯಲ್ಲಿ ಪಿಸಿ 720 ಕಿಲೋಬೈಟ್ ಬರೆದರೆ ಅಮಿಗಾ 880 ಬರೆಯುತ್ತದೆ, ಅದೂ ತನ್ನದೇ ರೀತಿಯಲ್ಲಿ. ಸಾಮಾನ್ಯ ಪಿಸಿಯ ಫ್ಲಾಪಿ ಕಂಟ್ರೋಲರಿಗೆ ಅದು ಓದಲು ಬರುವುದಿಲ್ಲ. ಗ್ರೀಸ್‌ವೀಸಲ್‌ನಂಥ ಸಣ್ಣ ಬೋರ್ಡುಗಳು ಅಕ್ಷರ ಓದುವ ಗೋಜಿಗೆ ಹೋಗದೆ, ತಟ್ಟೆಯ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ತಿರುಗಿದೆಯೆಂಬುದನ್ನೇ ಕಾಲದ ಲೆಕ್ಕದಲ್ಲಿ ಬರೆದುಕೊಳ್ಳುವುದರಿಂದ ಬಹುತೇಕ ಯಾವ ಯಂತ್ರದ ಫ್ಲಾಪಿಯಾದರೂ ನಡೆಯುತ್ತದೆ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಇರುವುದು ಹಳೆಯದೇ, ದಿನದಿಂದ ದಿನಕ್ಕೆ ಇನ್ನಷ್ಟು ಹಳೆಯದಾಗುತ್ತದೆ.

ಹಳದಿಗಟ್ಟಿದ ಹೊರಮೈಯನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಧಾನ ಬಹಳ ಜನಪ್ರಿಯ. ನಾನು ಎರಡು ಯಂತ್ರಗಳಿಗೆ ಮಾಡಿದೆ. ಒಂದರ ಮೇಲೆ ಪಟ್ಟೆ ಪಟ್ಟೆಯಾಗಿ ಬಿಳಿ ಬಂತು, ಇನ್ನೊಂದು ಮೂರೇ ವರ್ಷದಲ್ಲಿ ಕತ್ತಲೆಯ ಪೆಟ್ಟಿಗೆಯೊಳಗೇ ಮತ್ತೆ ಹಳದಿಯಾಯಿತು. ಈಗ ಹಳದಿಯನ್ನು ಹಾಗೆಯೇ ಬಿಡುತ್ತೇನೆ. ಕೊಳವೆಯ ಮಾನಿಟರುಗಳನ್ನು ನಾನು ತೆರೆಯುವುದೇ ಇಲ್ಲ. ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಲ್ಲದು, ಅದನ್ನು ಅರಿತವರ ಕೈಗೇ ಒಪ್ಪಿಸುತ್ತೇನೆ.

ಇಷ್ಟೆಲ್ಲ ತಿಳಿದೂ ಕಿಲುಬು ಹಿಡಿಸಿಕೊಂಡ ಅಮಿಗಾ ಮೂರು ವಾರ ನನ್ನ ಮೇಜಿನ ಮೇಲಿತ್ತು. ಮೊದಲು ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ ತೆಗೆದೆ. ಸೋರಿದ್ದು ಕ್ಷಾರವಾದ್ದರಿಂದ ಅದನ್ನು ಕೊಲ್ಲಲು ಸೌಮ್ಯ ಆಮ್ಲ ಬೇಕು. ಬಿಳಿ ವಿನೆಗರನ್ನು ಹತ್ತಿಯ ಕಡ್ಡಿಯಿಂದ ಹಚ್ಚಿದಾಗ ಹಸಿರು ಜಾಗದಲ್ಲೆಲ್ಲ ಸಣ್ಣಗೆ ನೊರೆ ಬಂತು, ನೊರೆ ನಿಲ್ಲುವವರೆಗೂ ಹಚ್ಚಿದೆ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ಆಲ್ಕೊಹಾಲಿನಿಂದ ನೀರನ್ನು ಓಡಿಸಿ, ಎರಡು ದಿನ ಒಣಗಲು ಬಿಟ್ಟೆ. ಕಿಲುಬು ಹೊಕ್ಕಿದ್ದ ಸಾಕೆಟ್ಟನ್ನು ಕಿತ್ತಾಗ ಅದರಡಿಯ ಸ್ಥಿತಿ ಮೇಲಿನದಕ್ಕಿಂತ ಕೆಟ್ಟದಾಗಿತ್ತು. ಫೈಬರ್ ಗ್ಲಾಸಿನ ಪೆನ್ನಿನಿಂದ ಕಪ್ಪು ಗೆರೆಗಳನ್ನು ಉಜ್ಜಿ ತಾಮ್ರ ಕಾಣುವಂತೆ ಮಾಡಿ, ಮಲ್ಟಿಮೀಟರಿನ ಬೀಪ್ ಸದ್ದಿನಲ್ಲಿ ಒಂದೊಂದು ಗೆರೆಯನ್ನೂ ಈ ತುದಿಯಿಂದ ಆ ತುದಿಗೆ ಹಿಡಿದು ನೋಡುತ್ತ ಹೋದೆ. ಸರ್ಕ್ಯೂಟಿನ ನಕ್ಷೆಯ ಮೇಲೆ ಬೀಪ್ ಬಂದದ್ದಕ್ಕೆ ಹಸಿರು ಪೆನ್ಸಿಲಿನ ಗೀಟು, ಬಾರದ್ದಕ್ಕೆ ಕೆಂಪು. ಕೊನೆಗೆ ಕೆಂಪು ಹನ್ನೊಂದು ಉಳಿದವು. ಅಷ್ಟಕ್ಕೂ ಕೂದಲಿನಂಥ ಎನಾಮೆಲ್ ತಂತಿ ಬೆಸೆದೆ. ಹತ್ತು ಒಂದೇ ಸಂಜೆಯಲ್ಲಿ ಮುಗಿದವು, ಹನ್ನೊಂದನೆಯದು ಪೂರಾ ಭಾನುವಾರವನ್ನು ತಿಂದಿತು, ಯಾಕೆಂದರೆ ನಾನು ಪಕ್ಕದ ಕಾಲಿಗೆ ಬೆಸೆದಿದ್ದೆ.

ನಿನ್ನೆ ರಾತ್ರಿ ಹಚ್ಚಿದಾಗ ಪರದೆ ಕಪ್ಪಿನಿಂದ ಬೂದಾಗಿ, ಬೂದಿನಿಂದ ಬಿಳಿಯಾಗಿ, ಫ್ಲಾಪಿ ಹಾಕೆಂದು ಕೇಳುವ ಚಿತ್ರ ಬಂತು. ಡ್ರೈವು ಫ್ಲಾಪಿ ಇದೆಯೇ ಎಂದು ಎರಡು ಸೆಕೆಂಡಿಗೊಮ್ಮೆ ಟಕ್ ಎಂದು ತಡವುತ್ತಿತ್ತು. ಆ ಸದ್ದು ಕೇಳದೆ ಆರು ವರ್ಷವಾಗಿತ್ತು. ಪೆಟ್ಟಿಗೆಯ ಮೇಲಿನ ಹಳೆಯ ಚೀಟಿಯನ್ನು ಕಿತ್ತು, ಬ್ಯಾಟರಿ ತೆಗೆದ ತಾರೀಕು ಮತ್ತು ಹನ್ನೊಂದು ತಂತಿಗಳು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ ಬರೆದು ಹೊಸದು ಹಚ್ಚಿದ್ದೇನೆ. ಹೊಸ ಬ್ಯಾಟರಿ ಹಾಕಿಲ್ಲ. ಯಂತ್ರಕ್ಕೆ ಈಗ ಇವತ್ತು ಯಾವ ದಿನವೆಂದು ತಿಳಿಯುವುದಿಲ್ಲ. ಬೇಕಾದಾಗ ನಾನೇ ಟೈಪು ಮಾಡಿ ಹೇಳುತ್ತೇನೆ.